ಕೊಲಂಬೋದಲ್ಲಿ ಕೊಂಡ ಹಸಿರು ಸೀರೆ

ಮಾಲ್ಡೀವ್ಸಿನಿಂದ ಹೊರಟ ವಿಮಾನ ಬೆಳಿಗ್ಗೆ ಎಂಟಕ್ಕೆ ಕೊಲಂಬೋದಲ್ಲಿ ಇಳಿಯಿತು. ಬೆಂಗಳೂರಿಗೆ ಹೋಗುವ ವಿಮಾನ ಸಂಜೆ ಏಳೂವರೆಗೆ. ನಡುವೆ ಹನ್ನೊಂದೂವರೆ ತಾಸು. ನಾನು ಜನರೇಟರ್ ಫಿಟ್ಟರ್ ಆಗಿರುವ ರೆಸಾರ್ಟಿನ ಕಚೇರಿಯವರಿಗೆ ಅವಸರದಲ್ಲಿ ಸಿಕ್ಕಿದ್ದು ಅದೊಂದೇ ಟಿಕೆಟ್ಟು. ಊರೊಳಗೆ ಹೋಗಿಬರಲು ಬೇಕಾದ ಕಾಗದವನ್ನೂ ಅವರೇ ಮಾಡಿಸಿಕೊಟ್ಟಿದ್ದರು.

ಹಿಂದಿನ ದಿನ ನಸುಕಿನಲ್ಲಿ ನನ್ನ ಅಕ್ಕ ಹುಲಿಗೆಮ್ಮ ಹೊಸಪೇಟೆಯ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ಎದೆನೋವು ಅಂತ ಸೇರಿಸಿದ್ದರು, ಒಂದೇ ರಾತ್ರಿ. ಅವಳನ್ನು ಕೊಟ್ಟದ್ದು ಕಂಪ್ಲಿ ಹತ್ತಿರದ ಮೆಟ್ರಿಗೆ. ನಮ್ಮದು ಕಮಲಾಪುರ. ಅಪ್ಪ ಅವ್ವ ಇಬ್ಬರೂ ಹೋದ ಮೇಲೆ ಅವಳ ತವರು ಅಂದರೆ ನಾನೊಬ್ಬನೇ. ನಮ್ಮ ಕಡೆ ಮುತ್ತೈದೆ ಸತ್ತರೆ, ಮಣ್ಣಿಗೆ ಒಯ್ಯುವ ಮುಂಚೆ ತವರಿನವರು ತಂದ ಹಸಿರು ಸೀರೆಯನ್ನು, ತಂದವರ ಹೆಸರು ಹೇಳಿ ಹೊದಿಸಬೇಕು. ಗಂಡನ ಮನೆಯಲ್ಲಿ ಎಷ್ಟು ಸೀರೆ ಇದ್ದರೂ ಕೊನೆಯದು ತವರಿನದೇ.

ಭಾವ ಫೋನಿನಲ್ಲಿ, "ಕಮಲಾಪುರದಾಗ ಯಾರಿಗಾರ ಹೇಳಪ್ಪ, ಒಂದು ಸೀರಿ ತಂದು ಹೊದಸ್ತಾರ. ಇವತ್ತ ಮುಗಿಸಿಬಿಡೋಣು" ಅಂದಿದ್ದರು. ನಾನು ಒಪ್ಪಲಿಲ್ಲ. ಎಂಟು ವರ್ಷದಿಂದ ನಾಗರಪಂಚಮಿಗೆ ಅಕ್ಕನನ್ನು ಕರೆಯಲು ಹೋಗಿರಲಿಲ್ಲ. ಓಣಿಯ ಹೆಣ್ಣುಮಕ್ಕಳೆಲ್ಲ ಅಣ್ಣತಮ್ಮಂದಿರ ಹಿಂದೆ ತವರಿಗೆ ಹೋಗುವಾಗ ಅವಳು ಮೆಟ್ರಿಯಲ್ಲೇ ಉಳಿಯುತ್ತಿದ್ದಳು. ಆ ದಿನ ಫೋನ್ ಮಾಡಿದರೆ, "ನೀ ಸಮುದ್ರದಾಗ ಕುಂತಿ, ನಾ ಗದ್ದ್ಯಾಗ ಕುಂತೀನಿ. ಇಬ್ಬರದೂ ಕಾಲು ನೀರಾಗ ಐತಿ ಬಿಡು" ಅಂತ ನಗುತ್ತಿದ್ದಳು. ಈ ಸೀರೆಯನ್ನಾದರೂ ನನ್ನ ಕೈಯಿಂದಲೇ ಹೊದಿಸಬೇಕು ಅಂತ ಹಟ ಹಿಡಿದೆ. ಭಾವ ಕಂಪ್ಲಿಯಿಂದ ಬಾಡಿಗೆಗೆ ಐಸ್ ಪೆಟ್ಟಿಗೆ ತರಿಸಿ, ನಾಡಿದ್ದು ಬೆಳಿಗ್ಗೆ ಹತ್ತರವರೆಗೆ ಕಾಯುತ್ತೇವೆ ಅಂದರು. ನಾನು ಹೊಸಪೇಟೆ ಮುಟ್ಟುವ ಹೊತ್ತಿಗೆ ಅಂಗಡಿ ತೆರೆದಿರುವುದಿಲ್ಲ, ಸೀರೆಯನ್ನು ಕೊಲಂಬೋದಲ್ಲೇ ಕೊಳ್ಳಬೇಕಿತ್ತು.

ವಿಮಾನ ನಿಲ್ದಾಣದಿಂದ ಕೊಲಂಬೋ ನಗರ ಮೂವತ್ತು ಕಿಲೋಮೀಟರಿನ ಮೇಲೆ. ಎ.ಸಿ. ಬಸ್ಸಿನಲ್ಲಿ ಅವರ ರೂಪಾಯಿಯಲ್ಲಿ ಮುನ್ನೂರು ಚಿಲ್ಲರೆ ಕೊಟ್ಟೆ. ಅಲ್ಲಿಯ ಗಡಿಯಾರವೂ ನಮ್ಮದೂ ಒಂದೇ ಸಮಯ. ಹಾಗಾಗಿ ಮೆಟ್ರಿಯಲ್ಲಿ ಈಗ ಎಷ್ಟಾಗಿದೆ ಅಂತ ಲೆಕ್ಕ ಹಾಕುವ ಕೆಲಸವೂ ಇರಲಿಲ್ಲ. ದಾರಿಯ ಎರಡೂ ಕಡೆ ತೆಂಗು, ನಿಂತ ನೀರು, ಕೆಂಪು ಹಂಚಿನ ಮನೆಗಳು. ಊರು ಹತ್ತಿರವಾದಾಗ ಒಂದು ಗಲ್ಲಿಯ ಉದ್ದಕ್ಕೂ ಹಗ್ಗಕ್ಕೆ ಕಟ್ಟಿದ ಬಿಳಿ ಬಟ್ಟೆಯ ಚೂರುಗಳು ಕಂಡವು. ಜಾತ್ರೆಯೋ ಮದುವೆಯೋ ಅಂದುಕೊಂಡೆ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಹರುಕು ಇಂಗ್ಲಿಷಿನಲ್ಲಿ, ಅದು ಸಾವಿನ ಮನೆಗೆ ದಾರಿ ತೋರಿಸುವ ಗುರುತು ಅಂದಳು. ದಾರಿ ಗೊತ್ತಿಲ್ಲದವರೂ ಅದನ್ನು ಹಿಡಿದು ಮನೆ ಮುಟ್ಟುತ್ತಾರಂತೆ.

ಬಸ್ಸು ಪೇಟೆ ಎಂಬ ಕಡೆ ಇಳಿಸಿತು. ಹೆಸರಿಗೆ ತಕ್ಕ ಹಾಗೆ ಅದು ಹಳೆಯ ಪೇಟೆಯೇ. ಒಂದು ಗಲ್ಲಿಯಲ್ಲಿ ಬರೀ ಗಡಿಯಾರ, ಒಂದರಲ್ಲಿ ಬರೀ ಚಪ್ಪಲಿ, ಇನ್ನೊಂದರಲ್ಲಿ ಒಣಮೀನು. ಕೆಂಪು ಬಿಳಿ ಪಟ್ಟೆಯ ದೊಡ್ಡ ಮಸೀದಿಯೊಂದು ಅಂಗಡಿಗಳ ನಡುವೆ ಎದ್ದು ನಿಂತಿತ್ತು. ಕೈಗಾಡಿ ತಳ್ಳುವವರು ಬೆನ್ನಿಗೆ ಗುದ್ದಿಯೇ ದಾರಿ ಕೇಳುತ್ತಿದ್ದರು. ಮಳೆ ಬಂದು ನಿಂತಿತ್ತು. ಸೆಕೆಗೆ ಅಂಗಿ ಮೈಗೆ ಅಂಟಿಕೊಂಡಿತು. ಒಂದು ಹೋಟೆಲಿನಲ್ಲಿ ಹಾಲಿಲ್ಲದ ಚಹಾ ಕುಡಿದೆ. ತಿಂಡಿ ಸೇರಲಿಲ್ಲ.

ಬಟ್ಟೆಯ ಗಲ್ಲಿಯಲ್ಲಿ ಮೂರು ಅಂಗಡಿ ಹತ್ತಿ ಇಳಿದೆ. ನಾಲ್ಕನೆಯದರಲ್ಲಿ ಗಡ್ಡದ ಹಿರಿಯರೊಬ್ಬರು ತಮಿಳಿನಲ್ಲಿ ಕರೆದರು. ನನಗೆ ಬರುವುದು ತೆಲುಗು, ಹಿಂದಿ. ಎರಡನ್ನೂ ಕಲಸಿ ಹಸಿರು ಸೀರೆ ಬೇಕು ಅಂದೆ. ಅವರು ಹತ್ತಿಪ್ಪತ್ತು ಸೀರೆ ಹರವಿದರು. ಕಪ್ಪು ಎಳೆ ಇರಬಾರದು ಅಂತ ಒಂದೊಂದನ್ನೂ ಬಾಗಿಲ ಬೆಳಕಿಗೆ ಒಯ್ದು ನೋಡಿದೆ. ಕೊನೆಗೆ ಎಳೆ ಬಾಳೆ ಎಲೆಯ ಬಣ್ಣದ, ಕೆಂಪಂಚಿನ ಒಂದನ್ನು ಆರಿಸಿದೆ.

"ಶಾದಿ?" ಅಂದರು.

ಇಲ್ಲ ಅನ್ನಲು ಬಾಯಿ ಬರಲಿಲ್ಲ. ಹೌದೆಂಬಂತೆ ತಲೆ ಆಡಿಸಿದೆ.

"ತಂಗಚ್ಚಿ? ಬೆಹನ್?"

"ಬೆಹನ್."

ಅವರ ಮುಖ ಅರಳಿತು. ಕೈ ಎತ್ತಿ ಏನೋ ಹರಸಿದರು. ಹೊಂದುವ ಬಳೆ ಎರಡು ಮಡಿಕೆಯ ನಡುವೆ ಇಟ್ಟು, ದುಡ್ಡು ಬೇಡ ಅಂದರು. ಬಣ್ಣದ ಕಾಗದ ಸುತ್ತಿ ಕೊಟ್ಟ ಆ ಕಟ್ಟನ್ನು ಎದೆಗೆ ಹಿಡಿದುಕೊಂಡು ಹೊರಗೆ ಬಂದೆ.

ಹನ್ನೊಂದರ ಹೊತ್ತಿಗೆ ಅಕ್ಕನ ಮಗಳು ರೇಣುಕಾ ಫೋನ್ ಮಾಡಿದಳು. ಡಿಗ್ರಿ ಓದುವ ಹುಡುಗಿ. ಹಿಂದೆ ಗಾಳಿಯ ಸದ್ದು, ಹೆಂಗಸರ ಅಳು.

"ಮಾಮ, ನಸುಕಿನ್ಯಾಗ ಗಾಳಿಗೆ ಕಂಬ ಬಿದ್ದಾವ. ಕರೆಂಟಿಲ್ಲ. ಪೆಟ್ಟಿಗಿ ತಣ್ಣಗ ಆಗವಲ್ದು."

"ಜನರೇಟರ್ ತರಿಸಬೇಕಿಲ್ಲೇನು? ಕಂಪ್ಲ್ಯಾಗ ಶಾಮಿಯಾನದವ್ರತ್ರ ಇರ್ತಾವಲ್ಲ."

"ತಂದಿದ್ರು ಮಾಮ. ಒಂದು ತಾಸು ಓಡಿ ನಿಂತೈತಿ. ಯಾರಿಗೂ ರಿಪೇರಿ ಗೊತ್ತಾಗವಲ್ದು."

ಹೊಗೆ ಬರ್ತದೇನು, ಡೀಸೆಲ್ ಇಳೀತದೇನು ಅಂತ ಕೇಳತೊಡಗಿದೆ. ನಡುಬಜಾರಿನಲ್ಲಿ ನಿಂತು ಫಿಲ್ಟರ್ ಬಿಚ್ಚುವ ಕ್ರಮ ಹೇಳಿದೆ. ಎಂಟು ವರ್ಷ ಪರದೇಶದವರ ಕೋಣೆ ತಣ್ಣಗಿರಲಿ ಅಂತ ಅದೇ ಕೆಲಸ ಮಾಡಿದ್ದೇನೆ. ಭಾವ ಫೋನ್ ಇಸಿದುಕೊಂಡರು.

"ಹನುಮಂತ, ಸಾಕು ಬಿಡಪ್ಪ. ಮೈ ಕೆಡಾಕ ಹತ್ತೈತಿ. ಆಕೀನ್ನ ಇನ್ನ ಹಿಂಗ ಇಡೋದು ಬ್ಯಾಡ. ಒಂದು ಗಂಟೆಗೆ ಎತ್ತತೀವಿ."

"ಸೀರಿ?"

"ನಿಮ್ಮೂರಿಂದ ಬೀಬವ್ವ ಬಂದಾಳ. ಸೀರಿ ತಂದಾಳ."

ಬೀಬವ್ವ ನಮ್ಮ ಬಾಜೂ ಮನೆಯವಳು. ಅವ್ವನ ಜೊತೆ ಬಾಳೆತೋಟದ ಕೂಲಿಗೆ ಹೋಗುತ್ತಿದ್ದವಳು. ಅಕ್ಕ ಸಣ್ಣವಳಿದ್ದಾಗ ಅವಳ ಮನೆಯಲ್ಲೇ ಅರ್ಧ ಊಟ. ಯಾರೂ ಹೇಳಿ ಕಳಿಸಿರಲಿಲ್ಲ. ಸುದ್ದಿ ಕೇಳಿ ತಾನೇ ಬಸ್ಸು ಹತ್ತಿ ಬಂದಿದ್ದಳು.

ಇನ್ನು ಆ ಊರಿನಲ್ಲಿ ನನಗೆ ಕೆಲಸವಿರಲಿಲ್ಲ. ಸಿಕ್ಕಿದ ಆಟೋದಲ್ಲಿ ಕುಳಿತೆ. ಎಲ್ಲಿಗೆ ಅಂದರೆ, ಬಯಲಿರುವ ಕಡೆ ಅಂದೆ. ಅವನು ಸಮುದ್ರದ ದಂಡೆಯ ದೊಡ್ಡ ಮೈದಾನಕ್ಕೆ ಕರೆತಂದ. ಗಾಲ್ ಫೇಸ್ ಅನ್ನುತ್ತಾರೆ. ಬಲಕ್ಕೆ ದೂರದಲ್ಲಿ ಬಂದರು. ಎತ್ತರದ ಕ್ರೇನುಗಳು ಪೆಟ್ಟಿಗೆ ಎತ್ತಿ ಇಳಿಸುತ್ತಿದ್ದವು. ಸರದಿಗೆ ಕಾಯುವ ಹಡಗುಗಳು ನೀರಿನ ಅಂಚಿನಲ್ಲಿ ಸಾಲಾಗಿ ನಿಂತಿದ್ದವು. ಮೊದಲು ನಾನು ಸಂಡೂರಿನ ಗಣಿಯಲ್ಲಿದ್ದೆ. ಆಗ ನಾವು ತುಂಬಿ ಕಳಿಸುತ್ತಿದ್ದ ಕೆಂಪು ಅದಿರು ಕೊನೆಗೆ ಹಡಗು ಹತ್ತುತ್ತದೆ ಅಂತ ಕೇಳಿದ್ದೆ. ಗಣಿ ನಿಂತ ಮೇಲೆ ನಾನೂ ಅದರ ಹಿಂದೆಯೇ ನೀರು ದಾಟಿದೆ.

ಮೋಡ ಸರಿದು ಬಿಸಿಲು ಸುರಿಯುತ್ತಿತ್ತು. ಸೀಗಡಿ ಇಟ್ಟು ಕರಿದ ವಡೆ ಮಾರುವ ಗಾಡಿಗಳು, ಕಾಗೆಗಳು, ಗಾಳಿಪಟ ಹಾರಿಸುವ ಸಂಸಾರಗಳು. ಹನ್ನೆರಡೂಮುಕ್ಕಾಲಿಗೆ ರೇಣುಕಾ ವಿಡಿಯೋ ಕಾಲ್ ಹಚ್ಚಿದಳು.

"ಮಾಮ, ನೋಡ್ರಿ. ಅವ್ವನ ಮಾರಿ ತೋರಸ್ತೀನಿ. ಕಾಣ್ತದೇನ್ರಿ?"

ಬಿಸಿಲಿಗೆ ಫೋನಿನ ಗಾಜು ಬೆಳ್ಳಗೆ ಹೊಳೆಯುತ್ತಿತ್ತು. ಬೆನ್ನು ತಿರುಗಿಸಿದೆ, ಕೈ ಅಡ್ಡ ಹಿಡಿದೆ. ಗಾಜಿನಲ್ಲಿ ಕಂಡದ್ದು ನನ್ನದೇ ಮುಖ, ಹಿಂದೆ ಗಾಳಿಪಟ. ನೆರಳಿಗಾಗಿ ಓಡಿದೆ. ಆ ಬಯಲಿನಲ್ಲಿ ಒಂದು ಮರವಿಲ್ಲ. ಒಬ್ಬ ವಡೆಯವನ ಗಾಡಿಯ ಕೆಳಗೆ ತಲೆ ತೂರಿಸಿದೆ. ಅವನು ಸಿಂಹಳದಲ್ಲಿ ಬೈದ. ಅಷ್ಟರಲ್ಲಿ ತೆರೆಯ ಮೇಲೆ ಹಸಿರು ಬಣ್ಣ ಒಂದು ಗಳಿಗೆ ಅಲ್ಲಾಡಿತು. ಬೀಬವ್ವ ಹೊದಿಸುತ್ತಿದ್ದ ಸೀರೆ ಇರಬೇಕು. ಮುಖ ಮುಚ್ಚಿಯಾಗಿತ್ತು.

"ಕಂಡ್ತೇನ್ರಿ ಮಾಮ?" ರೇಣುಕಾ ಅಳುತ್ತಿದ್ದಳು.

"ಕಂಡ್ತವ್ವ" ಅಂದೆ.

ಉಳಿದ ಹೊತ್ತು ಹೇಗೆ ಕಳೆಯಿತೋ ಬರೆಯಲು ಏನೂ ಇಲ್ಲ. ದಂಡೆಯ ಕಟ್ಟೆಯ ಮೇಲೆ ಕುಳಿತಿದ್ದೆ. ನಾಲ್ಕಕ್ಕೆ ಬಸ್ಸು ಹಿಡಿದೆ.

ಬೆಂಗಳೂರಿಗೆ ಇಳಿದು ರಾತ್ರಿ ಬಸ್ಸಿನಲ್ಲಿ ಹೊಸಪೇಟೆಗೆ ಬಂದು, ಅಲ್ಲಿಂದ ಕಂಪ್ಲಿ, ಅಲ್ಲಿಂದ ಮೆಟ್ರಿ ಮುಟ್ಟುವಾಗ ಬೆಳಿಗ್ಗೆ ಒಂಬತ್ತು. ಮೂರನೆಯ ದಿನದ ಹಾಲು ತುಪ್ಪಕ್ಕೆ ಎಲ್ಲರೂ ಹೊಲದಲ್ಲಿದ್ದರು. ಕೆಂಪು ಹಸಿ ಮಣ್ಣಿನ ದಿಬ್ಬ. ಹಾಲು ಬಿಟ್ಟೆ. ಮಾರಿ ನೋಡಿದಿಯಂತಲ್ಲ, ಅಷ್ಟಾದರೂ ಆಯಿತಲ್ಲ ಅಂತ ಒಬ್ಬೊಬ್ಬರೂ ಸಮಾಧಾನ ಹೇಳಿದರು. ಹೌದು ಅಂದೆ. ಭಾವನ ತಂಗಿ ನನ್ನ ಕೈಯ ಕಟ್ಟು ನೋಡಿ, "ಸತ್ತವ್ರಿಗಂತ ತಂದ ಸೀರಿ ಮನಿಯೊಳಗ ತರಬ್ಯಾಡ್ರಿ" ಅಂದಳು.

ಬೀಬವ್ವ ಬೇಲಿಯ ಹತ್ತಿರ ಕುಳಿತಿದ್ದಳು. ಪಕ್ಕದಲ್ಲಿ ಕುಳಿತೆ.

"ಹೊದಿಸುವಾಗ ನನ್ನ ಹೆಸರು ಹೇಳಿದೇನವ್ವ?"

"ಹೇಳ್ರಿ ಅಂದ್ರು. ನಾ ಹೇಳಲಿಲ್ಲ." ಅವಳು ನನ್ನ ಕಡೆ ತಿರುಗಲಿಲ್ಲ. "ನೀ ಬಂದಿಲ್ಲ, ನಾ ಬಂದೀನಿ. ಹೊಂಟೋಳ ಮುಂದ ಹೆಂಗ ಸುಳ್ಳು ಹೇಳ್ಲಿ? ಬೀಬವ್ವ ಹೊದಸ್ಯಾಳ ಅಂತ ಹೇಳೀನಿ."

ಎದ್ದು ಸೀರೆಯನ್ನು ದಿಬ್ಬದ ಮೇಲೆ ಹಾಸಲು ಹೊರಟೆ.

"ಅಲ್ಲಿ ಹಾಕಬ್ಯಾಡಲೇ, ಕುರಿಯವ್ರು ಒಯ್ತಾರ. ನಂಗ ಕೊಡು. ನಾ ಉಡ್ತೀನಿ."

ಭಾವನ ತಂಗಿ ಬಾಯಿಗೆ ಸೆರಗು ಹಿಡಿದಳು. "ಬೀಬವ್ವ, ಒಳ್ಳೇದಲ್ಲ ಅದು!"

"ನಂಗ ಎಪ್ಪತ್ತಾತು ತಂಗಿ. ಇನ್ನ ಕೆಟ್ಟದ್ದು ಬಂದ್ರ ಎಷ್ಟು ದಿನ ಕುಂದ್ರತೈತಿ?"

ಕಾಗದ ಬಿಚ್ಚಿ, ಬಳೆ ತೆಗೆದು ಮಣ್ಣಿನ ಮೇಲಿಟ್ಟಳು. ಸೀರೆಯ ಅಂಚು ಸವರಿದಳು. "ಬಣ್ಣ ಚಲೋ ಐತಿ. ಆಕಿಗೆ ಒಪ್ತಿತ್ತು" ಅಂದಳು.

ಮಧ್ಯಾಹ್ನ ಕಂಪ್ಲಿಯಿಂದ ಹೊಸಪೇಟೆ ಬಸ್ಸಿಗೆ ಇಬ್ಬರೂ ಹತ್ತಿದೆವು. ಅವಳು ಕಮಲಾಪುರಕ್ಕೆ, ನಾನು ಮರಳಿ ಕೆಲಸಕ್ಕೆ ಹೋಗಲು ಹೊಸಪೇಟೆಗೆ. ಕಿಟಕಿಯಾಚೆ ಭತ್ತದ ಗದ್ದೆಗಳು ನೀರಿಗೆ ಕಾಯುತ್ತಿದ್ದವು. ರಾಮಸಾಗರ ದಾಟಿದ ಮೇಲೆ ಅವಳು ಕೇಳಿದಳು.

"ನೀ ನಿಂತ ಊರು ಹೆಂಗಿತ್ತಲೇ?"

"ದೊಡ್ಡದೈತವ್ವ. ಹಡಗ ನಿಂದ್ರೋ ಊರು."

"ಹಡಗ ನೋಡಿದೇನು?"

"ನೋಡಿದೆ."

"ಅಕ್ಕನ ಮಾರಿ?"

ಮೆಟ್ರಿಯಲ್ಲಿ ಎಲ್ಲರಿಗೂ ಹೇಳಿದ ಮಾತು ಇವಳಿಗೆ ಹೇಳಲಾಗಲಿಲ್ಲ.

"ಇಲ್ಲವ್ವ. ಬಿಸಿಲು ಭಾಳ ಇತ್ತು. ಕಾಣಲಿಲ್ಲ."

ಅವಳು ಸೀರೆಯ ಕಟ್ಟನ್ನು ತೊಡೆಯ ಮೇಲೆ ಸರಿಮಾಡಿಕೊಂಡು ಹೇಳತೊಡಗಿದಳು. "ಹಣೀ ತುಂಬ ಕುಂಕುಮ ಹಚ್ಚಿದ್ರು. ಹುಬ್ಬಿನ ಮ್ಯಾಲಿನ ಹಳೇ ಗಾಯದ ಗುರ್ತು ಹಂಗ ಇತ್ತು. ಮೂಗಬಟ್ಟು ತೆಗೆದಿದ್ರು, ಅದಕ್ಕ ಮೂಗು ಸಣ್ಣ ಹುಡುಗಿದ್ದಂಗ ಕಾಣ್ತಿತ್ತು. ತುಟಿ ಚೂರು ತೆರೆದಿತ್ತು..."

ನಡುವೆ ಕಂಡಕ್ಟರ್ ಬಂದು, "ಆಧಾರ್ ತೋರಸಮ್ಮ" ಅಂದ. ಸೊಂಟದ ಚೀಲ ಬಿಚ್ಚಿ ತೋರಿಸಿ, ಫ್ರೀ ಟಿಕೆಟ್ಟು ಇಸಿದುಕೊಂಡು, ಅವನು ಮುಂದೆ ಹೋಗುವವರೆಗೆ ಕಾದಳು. ಮತ್ತೆ ಹಣೆಯಿಂದ ಶುರು ಮಾಡಿದಳು.