ಕ್ಯಾಮೆರಾದ ಹಣೆಗೆ ವಿಭೂತಿ

ಸಿಇಒ ಅಂದರೆ ಏನು ಕೆಲಸ ಎಂದು ಬೀದರ್‌ನಿಂದ ಬಂದಿದ್ದ ನನ್ನ ಸೋದರಮಾವ ಒಮ್ಮೆ ಕೇಳಿದರು. ಕಂಪನಿಯಲ್ಲಿ ಏನೇ ಆದರೂ ಅದಕ್ಕೆ ನಾನೇ ಹೊಣೆ ಎಂದೆ. "ಅಂದ್ರ ಬೈಸ್ಕೊಳ್ಳೋ ನೌಕರಿ," ಅಂದರು. ನಾನು ನಕ್ಕೆ. ಆ ಬೈಗುಳವನ್ನು ಇನ್ನೊಬ್ಬರ ತಲೆಗೆ ದಾಟಿಸುವ ಸೌಲಭ್ಯವೂ ಈ ನೌಕರಿಯಲ್ಲಿದೆ ಎಂದು ಆಗಿನ್ನೂ ನನಗೆ ಗೊತ್ತಿರಲಿಲ್ಲ.

ನಮ್ಮದು ಬಾಗಿಲ ಕರೆಗಂಟೆ ತಯಾರಿಸುವ ಕಂಪನಿ. ಗಂಟೆಯೊಳಗೇ ಕ್ಯಾಮೆರಾ ಇರುತ್ತದೆ. ಹೊರಗಿನವರು ಗುಂಡಿ ಒತ್ತಿದರೆ ಮನೆಯವರ ಮೊಬೈಲಿನಲ್ಲಿ ಅವರ ಮುಖ ಕಾಣುತ್ತದೆ. ಕಾರ್ಖಾನೆ ನಾಸಿಕ್‌ನ ಅಂಬಡ್‌ನಲ್ಲಿ, ಮುಖ್ಯ ಆಫೀಸೂ ನನ್ನ ಮನೆಯೂ ಸಂಭಾಜಿನಗರದಲ್ಲಿ. ನಾನು ಅಂಬಡ್‌ಗೆ ಸೂಪರ್‌ವೈಸರ್ ಆಗಿ ಸೇರಿದಾಗ ನನಗೆ ಲೆನ್ಸ್ ಕೂರಿಸಲು ಕಲಿಸಿದವಳು ಕಲಬುರಗಿ ಕಡೆಯ ಒಬ್ಬ ಕೆಲಸಗಾರ್ತಿ. ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದೆ.

ಹೊಸ ಮಾಲಿನ ಮೊದಲ ಪೀಸು ಸಿದ್ಧವಾದ ಕೂಡಲೇ ಅಕ್ಕ ಅದಕ್ಕೆ ಮೂರೆಳೆ ವಿಭೂತಿ ಹಚ್ಚುತ್ತಿದ್ದಳು. ಯಾರೂ ತಕರಾರು ಮಾಡಿರಲಿಲ್ಲ. ನಾನು ಹಂಗಾಮಿ ಸಿಇಒ ಆದ ತಿಂಗಳೇ ಅದನ್ನು ನಿಲ್ಲಿಸಿದೆ. ಆಧುನಿಕ ಕಾರ್ಖಾನೆಯಲ್ಲಿ ಬೂದಿಗೆ ಜಾಗವಿಲ್ಲ ಎಂದು ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಸುತ್ತೋಲೆ ಅಂಟಿಸಿದೆ. ಕನ್ನಡದಲ್ಲಿ ಅಂಟಿಸಲಿಲ್ಲ. ಅದು ಬೇಕಿದ್ದದ್ದು ಅಕ್ಕನೊಬ್ಬಳಿಗೆ, ಅವಳಿಗೆ ಬಾಯಿಮಾತಿನಲ್ಲಿ ಹೇಳಿದರಾಯಿತು ಎಂದುಕೊಂಡೆ. ಹೇಳಲೂ ಇಲ್ಲ. ಅವಳೇ ಯಾರನ್ನೋ ಕೇಳಿ ತಿಳಿದುಕೊಂಡು ನಿಲ್ಲಿಸಿದಳು.

ಹೊಸ ಗಂಟೆ ಒಪ್ಪಿಗೆಯಾದರೆ ನನ್ನ ಹುದ್ದೆ ಖಾಯಂ ಎಂದು ನಿರ್ದೇಶಕರು ಹೇಳಿದ್ದರು. ಅವರು ಮುಂಬೈಯಿಂದ ಅಂಬಡ್‌ಗೆ ಬರುವ ದಿನ ದಾರಿಯ ಇಗತಪುರಿಯಲ್ಲಿ ಜೋರು ಮಳೆ, ಘೋಟಿಯ ಹತ್ತಿರ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಎರಡು ತಾಸು ತಡ. ಹೆದರಿಕೊಳ್ಳಲು ಅಷ್ಟು ಹೊತ್ತು ಧಾರಾಳವಾಗಿ ಸಾಕು. ಗಂಟೆ ಇಟ್ಟಿದ್ದ ಕೋಣೆಯಲ್ಲಿ ಒಬ್ಬನೇ ಇದ್ದೆ. ಅವ್ವ ಬ್ಯಾಗಿನಲ್ಲಿಟ್ಟು ಕಳಿಸಿದ್ದ ವಿಭೂತಿಯ ಪೊಟ್ಟಣ ಬಿಚ್ಚಿ, ಬಾಗಿಲ ಕಡೆ ಒಂದು ಕಣ್ಣಿಟ್ಟು, ಆಧುನಿಕ ಕಾರ್ಖಾನೆಯ ಸಿಇಒ ಅವಸರದಲ್ಲಿ ಮೂರೆಳೆ ಎಳೆದೇಬಿಟ್ಟ. ಗಂಟೆಯ ಬಿಳಿ ಡಬ್ಬಿಯ ಮೇಲೆ ಬಿಳಿ ಬೂದಿ, ಯಾರಿಗೂ ಕಾಣುವಂತಿರಲಿಲ್ಲ.

ನಿರ್ದೇಶಕರ ಮಂಡಳಿಯ ಅಧ್ಯಕ್ಷರು ಬಂದು ಗುಂಡಿ ಒತ್ತಿದರು. ಗೋಡೆಯ ಟಿವಿಯಲ್ಲಿ ಅವರ ಮುಖ ಬರಬೇಕಿತ್ತು, ಬರೀ ಮೋಡ ಬಂತು. ಇಂಜಿನಿಯರ್ ಲೆನ್ಸ್ ಒರೆಸಿ, ಬೆರಳು ಮೂಸಿ ನೋಡಿ, "ಸರ್, ಹೇ ಭಸ್ಮ ಆಹೆ," ಎಂದ. ವಿಭೂತಿ ಎಂದ ಮೇಲೆ ಎಲ್ಲರ ಕಣ್ಣೂ ಹಿಂದೆ ನಿಂತಿದ್ದ ಅಕ್ಕನ ಕಡೆಗೇ ಹೋಯಿತು.

ಇದು ಯಾರ ಕೆಲಸ ಎಂದು ಅಧ್ಯಕ್ಷರು ನನ್ನನ್ನು ಕೇಳಿದರು. "ತನಿಖೆ ಮಾಡಿಸುತ್ತೇನೆ," ಎಂದೆ. ಆ ಮಾತು ಎಷ್ಟು ಸಲೀಸಾಗಿ ಹೊರಬಿತ್ತೆಂದರೆ, ಈ ಹುದ್ದೆಗೆ ನಾನು ನಿಜಕ್ಕೂ ಲಾಯಕ್ಕು ಎಂದು ನನಗೇ ಅನಿಸಿತು.

ಲೆನ್ಸ್ ಒರೆಸಿದ ಮೇಲೆ ಗಂಟೆ ಚೆನ್ನಾಗಿಯೇ ಕೆಲಸ ಮಾಡಿತು, ಒಪ್ಪಿಗೆಯೂ ಸಿಕ್ಕಿತು. ತನಿಖೆ ಒಂದೂವರೆ ದಿನ ನಡೆಯಿತು. ನನ್ನನ್ನು ಬಿಟ್ಟು ಎಲ್ಲರನ್ನೂ ಕೇಳಿದರು. ಅಕ್ಕನನ್ನು ಕೆಲಸದಿಂದ ತೆಗೆಯುವ ಪತ್ರ ಅಂಬಡ್‌ನ ನನ್ನ ಮೇಜಿಗೆ ಬಂತು. ಅವಳ ಮನೆ ನಡೆಯುವುದು ಇದೇ ಕೆಲಸದಿಂದ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಸಹಿ ಹಾಕಿದೆ. ಸಂಜೆ ನನ್ನ ಹುದ್ದೆ ಖಾಯಂ ಆದ ಪತ್ರವೂ ಬಂತು. ಶಿಸ್ತಿನ ವಿಷಯದಲ್ಲಿ ಯಾರ ಮುಲಾಜಿಗೂ ಬೀಳದವನು ಎಂದು ಅದರಲ್ಲಿ ಹೊಗಳಿದ್ದರು.

ಮರುದಿನ ಅಕ್ಕ ಗುರುತಿನ ಕಾರ್ಡು ಹಿಡಿದುಕೊಂಡು ನನ್ನ ಕೋಣೆಗೆ ಬಂದಳು. ಅಳಲಿಲ್ಲ, ಬೈಯಲೂ ಇಲ್ಲ.

"ನಾ ಹಚ್ಚಿದ್ರ ಅದರ ಕಣ್ಣು ಬಿಟ್ಟು ಹಣೆಗಷ್ಟ ಹಚ್ಚತಿದ್ದೆರಿ, ಸಾಹೇಬ್ರ. ಇಷ್ಟ ವರ್ಷದಾಗ ಒಂದ್ ಪೀಸೂ ಮಬ್ಬ ಆಗಿಲ್ಲ. ಲೆನ್ಸಿಗೆ ಕೈಬಟ್ಟು ತಾಗಿಸಬಾರ್ದಂತ ನಿಮಗೂ ಹೇಳಿ ಕೊಟ್ಟಿದ್ದೆ. ಮರತ್ರೇನ್ರಿ?"

ಅವಳಿಗೆ ಎಲ್ಲ ಗೊತ್ತಿತ್ತು. ನನಗೆ ನಾಚಿಕೆಯಾಯಿತು, ಇವತ್ತಿಗೂ ಆಗುತ್ತದೆ. ಪತ್ರ ಹರಿದುಹಾಕಿ ನಿಜ ಹೇಳಲು ಆಗಲೂ ಹೊತ್ತು ಮೀರಿರಲಿಲ್ಲ.

"ಕಾರ್ಡ್ ಇಲ್ಲಿ ಅಲ್ಲ ಅಕ್ಕಾ," ಎಂದೆ. "ಕೆಳಗ ಆಫೀಸಿನ್ಯಾಗ ಕೊಡ್ರಿ."