ಗಾರ್ಡಿನ ಡಬ್ಬಿಯಲ್ಲಿ ಕೂತವರು

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ಎಂಬತ್ತೇಳರಲ್ಲಿ, ಎಂಟನೇ ತರಗತಿಯನ್ನು ಅರ್ಧಕ್ಕೆ ಬಿಟ್ಟು. ಅಲ್ಲಿಂದೀಚೆಗೆ ನನ್ನ ಜೀವನ ನಡೆದದ್ದು ಕೈ, ಕಣ್ಣು, ಮೂಗುಗಳಿಂದ. ಇದನ್ನು ಬಡಾಯಿಗೆ ಹೇಳುತ್ತಿಲ್ಲ. ಬಡಾಯಿ ಅಂದುಕೊಂಡರೂ ನನಗೇನೂ ಬೇಸರವಿಲ್ಲ. ಸುಟ್ಟ ಲೋಹದ ವಾಸನೆ ಬಂದರೆ ಅದು ಯಾವುದು, ಯಾಕೆ ಸುಟ್ಟಿತು ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಹಾಗಾಗಿ ಹೋದ ವಾರ ಮಗಳು ಡ್ಯೂಟಿ ಮುಗಿಸಿ ನೈರೋಬಿಯ ಪಂಗಾನಿ ಬಡಾವಣೆಯ ನಮ್ಮ ಮನೆಗೆ ಬಂದು ಜಾಕೆಟ್ಟನ್ನು ಕುರ್ಚಿಯ ಮೇಲೆ ಎಸೆದಾಗ, ಅದರಿಂದ ಎದ್ದ ವಾಸನೆ ಏನೆಂದು ಯಾರೂ ಹೇಳಬೇಕಾಗಿರಲಿಲ್ಲ. ಇಳಿಜಾರಿನಲ್ಲಿ ಬಹಳ ಹೊತ್ತು ಹಿಡಿದ ಬ್ರೇಕಿನ ವಾಸನೆ. ಕಾದ ಎರಕದ ಕಬ್ಬಿಣ, ಜೊತೆಗೆ ಕಮಟು ಎಣ್ಣೆ.

ಮಗಳು ಗೂಡ್ಸ್ ರೈಲು ಓಡಿಸುತ್ತಾಳೆ. ಅವಳು ಆ ಪರೀಕ್ಷೆ ಪಾಸಾದ ದಿನ ನಾನು ನನ್ನ ವೆಲ್ಡಿಂಗ್ ಶೆಡ್ಡಿನವರಿಗೆಲ್ಲ ಸಿಹಿ ಹಂಚಿದ್ದೆ. ಆದರೆ ಆ ಜಾಕೆಟ್ಟನ್ನು ಮೂಸಿ ನೋಡಿ, ಇನ್ನೊಮ್ಮೆ ಮೂಸಿದೆ. ಇದೇ ವಾಸನೆಯ ನಡುವೆ ಒಮ್ಮೆ ನನ್ನ ಪಕ್ಕ ಕೂತಿದ್ದವರು ನೆನಪಾದರು... ನಮ್ಮ ಯಾರ್ಡಿನ ಗಾಡಿ ಪರೀಕ್ಷಕರು.

ನಾನು ನೈರೋಬಿಗೆ ವೆಲ್ಡರ್ ಆಗಿ ಬಂದ ಹೊಸತು. ರೈಲ್ವೆ ಯಾರ್ಡಿನಲ್ಲಿ ವ್ಯಾಗನ್ ರಿಪೇರಿಯ ಗುತ್ತಿಗೆ ಹಿಡಿದವರ ಕೈಕೆಳಗೆ ಕೆಲಸ. ಅಲ್ಲಿ ಹೊರಡುವ ಗಾಡಿಯ ಚಕ್ರ, ಬ್ರೇಕು ನೋಡಿ ಪಾಸು ಮಾಡುವವರು ಇವರು. ಹುಬ್ಬಳ್ಳಿಯ ಕಡೆಯವರು. ನೈರೋಬಿಯ ಅಂಗಾರಾ ಪೇಟೆಯಿಂದ, ಇಲ್ಲಿನವರು ಮ್ಟಾಮಾ ಅನ್ನುವ ಜೋಳದ ಹಿಟ್ಟನ್ನು ತಂದು, ತಾವೇ ರೊಟ್ಟಿ ಬಡಿದು, ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದರು. ನಾನು ಇಡ್ಲಿಯನ್ನು ನೆನೆಸಿಕೊಂಡು ನಿಟ್ಟುಸಿರು ಬಿಟ್ಟರೆ, ಅದೇನು ಊಟವೋ, ಕಾಯಿಲೆಯವರ ಪಥ್ಯವೋ ಎಂದು ಕೆಣಕುತ್ತಿದ್ದರು.

ಅವರದೊಂದು ಪದ್ಧತಿ ಇತ್ತು. ತಾವು ಪಾಸು ಮಾಡಿದ ಗಾಡಿಯ ಕೊನೆಯಲ್ಲಿರುವ ಗಾರ್ಡಿನ ಡಬ್ಬಿಗೆ ತಾವೇ ಹತ್ತುವುದು. ನೈರೋಬಿ ಬಿಟ್ಟ ಗಾಡಿ ಏರು ಹತ್ತಿ, ಆಮೇಲೆ ದೊಡ್ಡ ಕಣಿವೆಗೆ ಇಳಿಯುತ್ತದಲ್ಲ, ಆ ಇಳಿಜಾರು ಮುಗಿಯುವವರೆಗೂ ಅದರಲ್ಲೇ ಕೂತಿರುವುದು. ಕೆಳಗಿನ ಸ್ಟೇಷನ್ನಿನಲ್ಲಿ ಇಳಿದು, ಸುತ್ತಿಗೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಮಟಾಟು ಅನ್ನುವ ಬಾಡಿಗೆ ವ್ಯಾನು ಹಿಡಿದು ವಾಪಸು ಬರುವುದು. ಯಾರೂ ಹೇಳಿದ ಕೆಲಸವಲ್ಲ, ಸಂಬಳದಲ್ಲಿ ಸೇರಿದ್ದೂ ಅಲ್ಲ.

ಧೈರ್ಯವಂತರು ಅಂದುಕೊಳ್ಳಬೇಡಿ. ಅಷ್ಟು ಹೆದರುವ ಇನ್ನೊಬ್ಬ ಮನುಷ್ಯನನ್ನು ನಾನು ನೋಡಿಲ್ಲ. ಡಬ್ಬಿ ಹತ್ತುವ ಮೊದಲೇ ಬಾಯಿ ಒಣಗಿ ನೀರು ಕುಡಿಯುತ್ತಿದ್ದರು. ಇಳಿಜಾರು ಶುರುವಾದರೆ ಕಿಟಕಿಯ ಸರಳನ್ನು ಹಿಡಿದ ಕೈ ಬಿಡುತ್ತಿರಲಿಲ್ಲ. ಯಾರ್ಡಿನ ಹುಡುಗರು ಅವರಿಗೆ 'ಮ್ಜೀ ಮ್ವೋಗಾ' ಎಂದು ಹೆಸರಿಟ್ಟಿದ್ದರು. ಅಂಜುಬುರುಕ ಮುದುಕಪ್ಪ ಅಂತ. ಅವರ ಎದುರಿಗೇ ಕರೆಯುತ್ತಿದ್ದರು, ಅವರೂ ಓಗೊಡುತ್ತಿದ್ದರು.

ಒಂದು ಸಲ ನಾನು ಕೇಳಿಯೇಬಿಟ್ಟೆ. "ಇಷ್ಟು ಭಯ ಇಟ್ಕೊಂಡು ಯಾಕೆ ಹತ್ತುತ್ತೀರಾ ಸಾರ್?"

"ನಾ ಪಾಸ್ ಮಾಡಿದ ಗಾಡ್ಯಾಗ ನಾನ ಕುಂದ್ರಲಿಲ್ಲಂದ್ರ, ಮಂದಿ ಯಾಕ ಕುಂದ್ರಬೇಕೋ ತಮ್ಮಾ?" ಅಂದರು. "ಅಂಜಿಕಿ ಆಗಲಿಲ್ಲ ಅಂದ್ರ ಅವತ್ತು ನಾ ಸರಿಯಾಗಿ ನೋಡಿಲ್ಲ ಅಂತ ಅರ್ಥ" ಎಂದೂ ಸೇರಿಸಿದರು.

ಆಗೆಲ್ಲ ಉಗಾಂಡಾದ ಗಡಿಯಲ್ಲಿ ಎರಡು ಲೆಕ್ಕ. ನಮ್ಮ ಗಾಡಿ ಗಡಿಯ ಊರಾದ ಮಲಾಬಾ ಮುಟ್ಟಿದರೆ ಅಲ್ಲಿ ನಿಲ್ಲಬೇಕು. ಉಗಾಂಡಾದ ಕಡೆಯ ಪರೀಕ್ಷಕರು ಬಂದು ತಮ್ಮ ಅಳತೆಯಲ್ಲಿ ಎಲ್ಲವನ್ನೂ ಮತ್ತೆ ನೋಡಬೇಕು. ಆ ಕಡೆಯಿಂದ ಬಂದ ವ್ಯಾಗನ್ನುಗಳನ್ನು ನಾವೂ ಹಾಗೇ ಮತ್ತೆ ನೋಡಬೇಕು. ಇಲ್ಲಿ ನಡೆಯುವ ಸವೆದ ಚಕ್ರ ಅಲ್ಲಿ ನಡೆಯದು. ಅಲ್ಲಿನವರು ಒಪ್ಪಿದ ಬ್ರೇಕಿಗೆ ಇಲ್ಲಿ ತಕರಾರು. ಗಾಡಿಗಳು ನಿಂತಲ್ಲೇ ನಿಂತಿರುತ್ತಿದ್ದವು. ಡ್ರೈವರುಗಳು ಬೈಯುತ್ತಿದ್ದರು. ನನಗೆ ಮಾತ್ರ ಅದು ಒಳ್ಳೆಯದೇ ಅನ್ನಿಸುತ್ತಿತ್ತು. ಒಬ್ಬರು ಬಿಟ್ಟಿದ್ದನ್ನು ಇನ್ನೊಬ್ಬರು ಹಿಡಿಯುತ್ತಾರಲ್ಲ, ಸುರಕ್ಷಿತ ಅಂದುಕೊಂಡಿದ್ದೆ.

ಆ ದಿನ ಗಾರ್ಡಿನ ಡಬ್ಬಿಯ ಕೈಬ್ರೇಕಿನ ಹಿಡಿ ಮುರಿದಿತ್ತು. ನಾನು ವೆಲ್ಡಿಂಗ್ ಮಾಡಿ ಕೂಡಿಸಿದೆ. ಕೆಲಸ ಚೆನ್ನಾಗಿ ಬಂದಿತ್ತು. ನನ್ನ ಕೆಲಸ ಚೆನ್ನಾಗಿಯೇ ಬರುತ್ತದೆ. ಪರೀಕ್ಷಕರು ಅದನ್ನು ಅಲ್ಲಾಡಿಸಿ ನೋಡಿ, "ಭೇಷ್ ಆಗೇದ. ಹಂಗಾರ ನೀನೂ ಹತ್ತು" ಅಂದರು. ಇಲ್ಲವೆನ್ನಲು ಮರ್ಯಾದೆ ಬಿಡಲಿಲ್ಲ. ಹತ್ತಿದೆ.

ಏರು ಮುಗಿಯುವವರೆಗೂ ಹರಟೆ. ಗಾರ್ಡು ಫ್ಲಾಸ್ಕಿನಿಂದ ಚಾಯ್ ಬಗ್ಗಿಸಿ ಕೊಟ್ಟ. ಎಡಕ್ಕೆ ಕಣಿವೆ ತೆರೆದುಕೊಂಡಾಗ ಪರೀಕ್ಷಕರು ಕಿಟಕಿಯ ಸರಳು ಹಿಡಿದರು. ನಾನು ನನ್ನಷ್ಟಕ್ಕೆ ನಗುತ್ತಿದ್ದೆ... ಆಗ ಮುಂದುಗಡೆಯಿಂದ ಒಂದು ಸದ್ದು ಬಂತು. ತಗಡಿನ ಡಬ್ಬವನ್ನು ಕಲ್ಲಿನ ಮೇಲೆ ಎಳೆದ ಹಾಗೆ. ನಿಂತು ಮತ್ತೆ ಬಂತು. ಪರೀಕ್ಷಕರು ತಲೆ ಹೊರಗೆ ಹಾಕಿದರು. ನಾನೂ ಹಾಕಿದೆ. ತಿರುವಿನಲ್ಲಿ ಗಾಡಿಯ ಉದ್ದ ಕಾಣುತ್ತಿತ್ತು. ಮಧ್ಯದ ಒಂದು ವ್ಯಾಗನ್ನಿನ ಕೆಳಗಿಂದ ಕಿಡಿ ಹಾರುತ್ತಿತ್ತು. ಬ್ರೇಕಿನ ಸರಳೊಂದು ಕಳಚಿ ಹಳಿಗಳ ನಡುವೆ ಕುಣಿಯುತ್ತಿತ್ತು. ಅದು ಎಲ್ಲಾದರೂ ಸಿಕ್ಕಿಕೊಂಡರೆ ವ್ಯಾಗನ್ ಹಳಿಯಿಂದ ಎದ್ದುಬಿಡುತ್ತದೆ. ಅದರ ಹಿಂದಿನದೆಲ್ಲ, ನಮ್ಮ ಡಬ್ಬಿಯೂ ಸೇರಿ, ಅದರ ಜೊತೆ ಕಣಿವೆಗೆ. ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಗಾರ್ಡು ಚಾಯ್ ಹಿಡಿದುಕೊಂಡೇ ನಿಂತಿದ್ದ. ಪರೀಕ್ಷಕರು ಅವನನ್ನು ದಾಟಿ ಹೋಗಿ ಗಾಳಿ ಬಿಡುವ ಹಿಡಿಯನ್ನು ಎಳೆದರು. ಇಡೀ ಗಾಡಿಯ ಬ್ರೇಕು ಒಟ್ಟಿಗೆ ಕಚ್ಚಿತು. ನನಗೆ ಕೈಬ್ರೇಕಿನ ಕಡೆ ಕೈ ತೋರಿಸಿದರು. ನಾನೇ ಕೂಡಿಸಿದ ಹಿಡಿ. ಎಲ್ಲಿ ಕಿತ್ತು ಬರುತ್ತದೋ ಎಂದುಕೊಳ್ಳುತ್ತಲೇ ತಿರುಗಿಸಿದೆ. ಕಿತ್ತು ಬರಲಿಲ್ಲ. ಆಮೇಲೆ ಆ ವಾಸನೆ. ಹೊಗೆ ಡಬ್ಬಿಯೊಳಕ್ಕೇ ನುಗ್ಗಿತು. ಗಾಡಿ ನಿಲ್ಲುತ್ತಿದೆಯೋ ಇಲ್ಲವೋ ತಿಳಿಯದ ಆ ಹೊತ್ತನ್ನು ನಾನು ಇವತ್ತಿಗೂ ಪೂರ್ತಿ ದಾಟಿಲ್ಲ...

ನಿಂತಿತು.

ಪರೀಕ್ಷಕರು ಜಲ್ಲಿಕಲ್ಲಿನ ಮೇಲೆ ಇಳಿದು, ಆ ವ್ಯಾಗನ್ನಿನವರೆಗೂ ನಡೆದು, ಅದರ ಕೆಳಗೆ ಮಲಗಿ ನೋಡಿದರು. ನನ್ನನ್ನೂ ಕರೆದರು. ಬ್ರೇಕಿನ ಸರಳನ್ನು ಹಿಡಿದಿಡುವ ದಪ್ಪ ಮೊಳೆ ಬಿದ್ದುಹೋಗಿತ್ತು. ಅದು ಬೀಳದ ಹಾಗೆ ತಡೆಯುವ ಕಾಟರ್ ಪಿನ್ನು, ಕಿರುಬೆರಳಷ್ಟು ತಂತಿ, ಇರಲೇ ಇಲ್ಲ ಅನ್ನಿಸುತ್ತದೆ. ಸರಳಿನ ತುದಿಯ ಖಾಲಿ ತೂತಿಗೆ ಅವರು ತಮ್ಮ ಬೆರಳು ತೂರಿಸಿದರು.

"ನೋಡೇವಿ ಅಂತ ಉಗಾಂಡಾದವ್ರು ಹಾಕಿದ ಸೀಮೆಸುಣ್ಣದ ಗುರ್ತು ಹಸೀನ ಇತ್ತೋ ತಮ್ಮಾ. ಮೊನ್ನೆನ ನೋಡ್ಯಾರ, ಗಡಿಯಾಗ ಮತ್ತ ನೋಡ್ತಾರ ಅಂತ ಇದೊಂದಕ್ಕ ನಾ ಬಗ್ಗಲಿಲ್ಲ."

ಬೆರಳನ್ನು ಅವರು ಹೊರಗೆ ತೆಗೆಯಲೇ ಇಲ್ಲ. ಸಿಕ್ಕಿಕೊಂಡೇನೂ ಇರಲಿಲ್ಲ. ನಾನೇ ಮಣಿಕಟ್ಟು ಹಿಡಿದು ತೆಗೆದೆ.

ಆಮೇಲೆ ಅವರು ರಜೆ ಹಾಕಿ, ಬಸ್ಸು ಹಿಡಿದು ಮಲಾಬಾಕ್ಕೆ ಹೋದರು. ಜಗಳಕ್ಕೆ ಹೋಗಿದ್ದಾರೆ ಎಂದೇ ನಾವೆಲ್ಲ ಅಂದುಕೊಂಡೆವು. ಹೋದವರು ಆ ಕಡೆಯ ಪರೀಕ್ಷಕನ ಜೊತೆ ಊಟ ಮಾಡಿ ಬಂದರು. ಆತ ಕೂಡ ಆ ವ್ಯಾಗನ್ನಿಗೆ ಬಗ್ಗಿರಲಿಲ್ಲವಂತೆ. ಹೇಗೂ ನೈರೋಬಿಯವರು ನೋಡುತ್ತಾರೆ ಅಂದುಕೊಂಡಿದ್ದನಂತೆ. ಇದನ್ನು ಹೇಳುವಾಗ ಪರೀಕ್ಷಕರ ಮುಖದಲ್ಲಿ ಕೋಪವಿರಲಿಲ್ಲ. ಇಬ್ಬರು ನೋಡುವ ಕಡೆ ಯಾರೂ ನೋಡದೆ ಇರುವುದು ಎಷ್ಟು ಸುಲಭ ಎಂಬುದು ಅವರನ್ನು ಕಿಡಿಗಿಂತ ಹೆಚ್ಚು ಹೆದರಿಸಿತ್ತು.

ಕೆಲವು ವರ್ಷಗಳ ಮೇಲೆ ಎರಡೂ ದೇಶದವರು ಸೇರಿ ಒಂದೇ ನಿಯಮ ಮಾಡುವ ಮಾತು ಎದ್ದಿತು. ನೈರೋಬಿಯಲ್ಲಿ ಸಭೆ. ಕೆಲಸಗಾರರ ಕಡೆಯಿಂದ ಇವರನ್ನೂ ಆ ಕಡೆಯ ಪರೀಕ್ಷಕನನ್ನೂ ಕರೆದಿದ್ದರು. ಇಬ್ಬರೂ ಒಟ್ಟಿಗೆ ಎದ್ದು ಒಂದೇ ಮಾತು ಹೇಳಿದರಂತೆ: ಅಳತೆ ಒಂದೇ ಇರಲಿ, ನೋಡುವುದು ಒಂದೇ ಸಲ ಇರಲಿ, ಆದರೆ ನೋಡಿದವನು ಇಳಿಜಾರು ಮುಗಿಯುವ ತನಕ ಅದೇ ಗಾಡಿಯಲ್ಲಿ ಹೋಗಲಿ. ಮೊದಲ ಎರಡಕ್ಕೆ ತಲೆಯಾಡಿಸಿದರಂತೆ. ಮೂರನೆಯದಕ್ಕೆ ನಕ್ಕರಂತೆ. ಮಟಾಟುವಿನ ಬಾಡಿಗೆಯನ್ನು ಯಾವ ದೇಶ ಕೊಡಬೇಕು ಎಂದು ಒಬ್ಬರು ಕೇಳಿದರಂತೆ. ಪರೀಕ್ಷಕರೂ ನಕ್ಕು ಕೂತರಂತೆ. ನನಗೆ ಹೇಳುವಾಗ ನಗಲಿಲ್ಲ.

ಅವರು ಹುಬ್ಬಳ್ಳಿಗೆ ಮರಳಿ ಬಹಳ ವರ್ಷಗಳಾದವು. ಭಾನುವಾರಗಳಂದು ಫೋನು ಬರುತ್ತಿತ್ತು. ಮಗಳು ಈ ಕೆಲಸಕ್ಕೆ ಸೇರಿದಳೆಂದಾಗ, ಖುಷಿಯಾಯಿತು ಅನ್ನಲಿಲ್ಲ, "ಹುಡುಗಿಗೆ ಅಂಜಿಕಿ ಕಲಿಸೀಯೇನು?" ಎಂದು ಕೇಳಿದರು. ಅದಾದ ಮಳೆಗಾಲದಲ್ಲಿ ಅವರ ಹೆಂಡತಿಯ ಫೋನು ಬಂತು... ನಿದ್ದೆಯಲ್ಲೇ ಹೋದರಂತೆ. ಅಷ್ಟು ಹೆದರುತ್ತಿದ್ದವರಿಗೆ ಕಡೆಗಾದರೂ ಹೆದರಿಕೆ ಇಲ್ಲದೆ ಆಯಿತಲ್ಲ ಎಂದು ಶೆಡ್ಡಿನ ಹಿಂದೆ ಹೋಗಿ ಅತ್ತೆ.

ಈಗ ನಿಯಮ ಒಂದಾಗಿದೆ. ಈ ಕಡೆ ನೋಡಿದ್ದನ್ನು ಆ ಕಡೆ ಒಪ್ಪುತ್ತಾರೆ, ಆ ಕಡೆಯದನ್ನು ಈ ಕಡೆ. ಗಡಿಯಲ್ಲಿ ಗಾಡಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಡ್ರೈವರೂ ಬದಲಾಗುವುದಿಲ್ಲ. ಒಳ್ಳೆಯದೇ, ಪರೀಕ್ಷಕರು ಕೇಳಿದ್ದೂ ಅದನ್ನೇ. ಮೊನ್ನೆ ಮಗಳಿಗೆ ಮೊದಲ ಸಲ ಗಡಿ ದಾಟುವ ಡ್ಯೂಟಿ ಬಿತ್ತು. ಹೊರಡುವ ಬೆಳಿಗ್ಗೆ ನಾನೂ ಯಾರ್ಡಿಗೆ ಹೋದೆ. ಅವಳ ಗಾಡಿಯ ಉದ್ದಕ್ಕೂ ನಡೆದು, ಬಗ್ಗಿ, ಒಂದೊಂದೇ ಪಿನ್ನಿನ ಮೇಲೆ ಬೆರಳಿಟ್ಟು ನೋಡಿದೆ. ಎಂಜಿನ್ನಿನ ಕಿಟಕಿಯಿಂದ ಅವಳು ನೋಡುತ್ತಿದ್ದಳು.

"ಅಪ್ಪಾ, ಪ್ಲೀಸ್. ಎವ್ರಿವನ್ ಈಸ್ ಲಾಫಿಂಗ್."

ನಗಲಿ ಬಿಡು ಅಂದೆ. ವಾಪಸು ಬರುವ ಗಾಡಿಯನ್ನು ಅಲ್ಲಿ ಯಾರು ನೋಡುತ್ತಾರೆ ಎಂದು ಕೇಳಿದೆ.

"ದೇರ್ ಈಸ್ ಸಮ್‌ವನ್, ಅಪ್ಪಾ. ಸೇಮ್ ರೂಲ್ ಅಲ್ವಾ ಈಗ?"

ಹತ್ತಿಬಿಡೋಣ ಎಂದು ಗಾಡಿಯ ಕೊನೆಯವರೆಗೂ ನಡೆದೆ. ಗಾರ್ಡಿನ ಡಬ್ಬಿಗಳನ್ನು ತೆಗೆದು ಎಷ್ಟು ಕಾಲವಾಯಿತೆಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಅವುಗಳಲ್ಲಿ ಕೆಲವನ್ನು ಗ್ಯಾಸಿನಿಂದ ಕತ್ತರಿಸಿ ಗುಜರಿಗೆ ಹಾಕಿದವನು ನಾನೇ. ಆದರೂ ನಡೆದೆ. ಕೊನೆಯ ವ್ಯಾಗನ್ನಿಗೆ ಗಾರ್ಡಿನ ಬದಲು ಒಂದು ಪೆಟ್ಟಿಗೆ ಸಿಕ್ಕಿಸಿದ್ದರು, ಅದರಲ್ಲಿ ಕೆಂಪು ದೀಪ ಮಿಣುಕುತ್ತಿತ್ತು. ಗಾಡಿ ಹೊರಟಿತು.

ಇವತ್ತು ಅವಳು ಆ ಕಡೆಯಿಂದ ಹೊರಡುವ ದಿನ. ಜಾಕೆಟ್ಟು ಇನ್ನೂ ಕುರ್ಚಿಯ ಮೇಲೇ ಇದೆ. ಒಗೆಯಲು ಹಾಕಬೇಡ ಎಂದು ಹೆಂಡತಿಗೆ ಹೇಳಿದ್ದೇನೆ.

ಎಂಟನೇ ತರಗತಿ ಬಿಟ್ಟವನ ಹತ್ತಿರ ಈಗ ಇರುವುದು ಇಷ್ಟು: ಪಂಗಾನಿಯಲ್ಲಿ ಒಂದು ಮನೆ. ಒಂದು ವೆಲ್ಡಿಂಗ್ ಶೆಡ್ಡು, ಅದರಲ್ಲಿ ಆರು ಜನ ಕೆಲಸಗಾರರು. ಒಬ್ಬಳು ಹೆಂಡತಿ. ಒಬ್ಬಳು ಮಗಳು. ಗಡಿಯಾಚೆ, ಅವಳ ಗಾಡಿ ನೋಡಿ ಬಿಡುವ ಒಬ್ಬ ಮನುಷ್ಯ. ಅವನು ಬಗ್ಗುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ.