ಮುಚ್ಚಳ ತಂದವರಿಗೆ ಮಾತ್ರ

ಜಯಮ್ಮನವರು ಗಿರಾಕಿಯ ಮುಖಕ್ಕಿಂತ ಮೊದಲು ಕೈ ನೋಡುತ್ತಿದ್ದರು. ಕೈಯಲ್ಲಿ ಕುಕ್ಕರಿನ ಮುಚ್ಚಳವಿದ್ದರೆ ವ್ಯಾಪಾರ. ಇಲ್ಲವಾದರೆ, ಬಂದವರು ಎಷ್ಟೇ ದೊಡ್ಡವರಾಗಿರಲಿ, "ಮುಚ್ಚಳ ತಗಂಬನ್ನಿ, ಆಮೇಕೆ ಮಾತಾಡಣ" ಎಂದು ಹಿಂದಕ್ಕೆ ಕಳುಹಿಸುತ್ತಿದ್ದರು. ಮುಚ್ಚಳ ಸಿಕ್ಕರೆ ಕಣ್ಣು ಮುಚ್ಚಿ, ಹೆಬ್ಬೆರಳನ್ನು ಅದರ ಅಂಚಿನ ಸುತ್ತ ಒಮ್ಮೆ ಓಡಿಸಿ, ಗೋಡೆಯಲ್ಲಿ ತೂಗುತ್ತಿದ್ದ ನೂರಾರು ರಬ್ಬರ್ ಗ್ಯಾಸ್ಕೆಟ್‌ಗಳಲ್ಲಿ ಒಂದನ್ನು ಎಳೆದು ಕೊಡುತ್ತಿದ್ದರು. ಅದು ಕೂರದೆ ಹೋದದ್ದನ್ನು ನಾನು ಕಂಡಿಲ್ಲ.

ಕಾಡುಗೋಡಿಯ ರೈಲು ನಿಲ್ದಾಣದ ರಸ್ತೆಯಲ್ಲಿ ಅವರದು ಕುಕ್ಕರ್ ರಿಪೇರಿಯ ಅಂಗಡಿ. ನಾನಾಗ ಚರ್ಚಾಸ್ಪರ್ಧೆಯ ಪಾರಿತೋಷಕಗಳೊಂದಿಗೆ ಕಾಲೇಜು ಮುಗಿಸಿ, ಸಣ್ಣ ವ್ಯಾಪಾರಿಗಳನ್ನು ಉಳಿಸಲೇಬೇಕೆಂಬ ಹಟದಿಂದ ಅಂಗಡಿ ಅಂಗಡಿ ತಿರುಗುತ್ತಿದ್ದೆ. ಹತ್ತಿರದ ಬಡಾವಣೆ ಬ್ರೂಕ್‌ಫೀಲ್ಡಿನ ಮನೆಗಳಿಗೆ ಸೂಜಿಯಿಂದ ಸೋಫಾದವರೆಗೆ ಎಲ್ಲವೂ ಫೋನಿನ ಮೂಲಕವೇ ಬರತೊಡಗಿತ್ತು. ಜಯಮ್ಮನವರ ಮುಂದೆ ನಿಲ್ಲುವವರು ಕಡಿಮೆಯಾಗಿದ್ದರು. ಮಾರಾಟದ ಜಾಲತಾಣವೊಂದಕ್ಕೆ ಸೇರದಿದ್ದರೆ ಅಂಗಡಿಯ ಬಾಗಿಲು ಹಾಕಬೇಕಾದೀತೆಂದು ಅರ್ಧ ಗಂಟೆ ವಾದಿಸಿದೆ. ಅಷ್ಟೂ ಹೊತ್ತು ಅವರು ವಿಶಲ್ ಒಂದರ ತೂತನ್ನು ಸೂಜಿಯಿಂದ ಶುಚಿ ಮಾಡುತ್ತಿದ್ದರು.

"ಬಾಸಣದ ಸಾಮಿ, ನೀನೇ ಗೆದ್ದೆ. ಸೇರ್ಸು" ಎಂದರು.

ಮೊದಲ ಆರ್ಡರ್ ಬಂದ ದಿನ ಪೊಟ್ಟಣ ಕಟ್ಟಲೆಂದು ನಾನು ಓಡಿದರೆ, ಅವರು ಸ್ಪೀಕರ್ ಹಾಕಿ ಗಿರಾಕಿಗೆ ಫೋನು ಮಾಡುತ್ತಿದ್ದರು.

"ಮುಚ್ಚಳ ಒಳಕ್ಕೆ ಕೂರ್ತದಾ, ಮ್ಯಾಲೆ ಕೂರ್ತದಾ ಮೇಡಂ?"

"ಐದು ಲೀಟರ್ ಅಂತ ಹಾಕಿದೀನಲ್ಲ ಆಂಟಿ."

"ಐದು ಲೀಟರ್‌ದೇ ನನ್ನತ್ರ ನಾಕು ತರ ಐತೆ. ಮುಚ್ಚಳ ತಗಂಬನ್ನಿ."

"ಬರೋ ಹಾಗಿದ್ರೆ ಆನ್‌ಲೈನಲ್ಲಿ ಯಾಕೆ ಹಾಕ್ತಿದ್ದೆ?"

ಹೀಗೆ ಆರ್ಡರುಗಳೆಲ್ಲ ನಿಂತಲ್ಲೇ ನಿಂತವು. ಇನ್ನೂ ತಡವಾದರೆ ಅಂಗಡಿಯನ್ನು ಪಟ್ಟಿಯಿಂದ ಕೈಬಿಡುವುದಾಗಿ ಜಾಲತಾಣದವರು ಎಚ್ಚರಿಸಿದರು. "ಕಳಿಸಿಬಿಡಿ ಅಕ್ಕ. ಕೂರದಿದ್ರೆ ವಾಪಸ್ ಕಳಿಸ್ತಾರೆ. ಆ ವ್ಯವಸ್ಥೆ ಇರೋದೇ ಅದಕ್ಕೆ" ಎಂದು ಗದರಿದಂತೆಯೇ ಹೇಳಿದೆ.

ಅವರು ಮೂಲೆಯ ಮೊಳೆಯತ್ತ ಕೈ ತೋರಿಸಿದರು. ಅಲ್ಲಿ ನೆಗ್ಗಿದ ಹಳೆಯ ಮುಚ್ಚಳವೊಂದು ತೂಗುತ್ತಿತ್ತು. ಎಂದೋ, ಅವಸರದಲ್ಲಿದ್ದ ಕಟ್ಟಡ ಕೆಲಸದ ಹೆಣ್ಣುಮಗಳೊಬ್ಬಳಿಗೆ ಮುಚ್ಚಳ ನೋಡದೆ ಅಂದಾಜಿನ ಮೇಲೆ ರಬ್ಬರ್ ಕೊಟ್ಟಿದ್ದರಂತೆ. ಅಂಚಿನಿಂದ ನುಗ್ಗಿದ ಹಬೆಗೆ ಆಕೆಯ ಮುಂಗೈ ಬೆಂದುಹೋಗಿತ್ತು. ಆ ಮುಚ್ಚಳ ಆಕೆಯ ಕುಕ್ಕರಿನದು.

"ರಬ್ಬರ್ ವಾಪಸ್ ಬತ್ತದೆ ಕಣಪ್ಪ. ಚರ್ಮ ಬತ್ತದಾ?"

ಕಟ್ಟಲೆಂದು ಬಿಚ್ಚಿದ್ದ ಪೊಟ್ಟಣದ ಕಾಗದವನ್ನು ನಾನು ಮತ್ತೆ ಮಡಿಸಿಟ್ಟೆ. ಆ ವಾರವೇ ಜಾಲತಾಣದವರು ಅಂಗಡಿಯನ್ನು ಕೈಬಿಟ್ಟರು. ನನ್ನ ಮಾತು ನಂಬಿದ್ದ ಜಯಮ್ಮನವರನ್ನು ನಡುನೀರಿನಲ್ಲಿ ಬಿಡಲಾಗದೆ, ಅಂಗಡಿಯದೇ ಪುಟವೊಂದನ್ನು ನಾನೇ ತೆರೆದು, ಅವರ ಷರತ್ತನ್ನೇ ಮೇಲೆ ಬರೆದೆ: ಇಲ್ಲಿ ತಿಳಿಸಿ, ತೆಗೆದಿಟ್ಟಿರುತ್ತೇವೆ, ಮುಚ್ಚಳ ತಂದು, ಕೂರಿಸಿ ನೋಡಿ ಒಯ್ಯಿರಿ.

ಯಾರೂ ಬರಲಾರರೆಂದೇ ನನ್ನ ಅಂದಾಜು. ಬಂದರು. ಶನಿವಾರಗಳಂದು ಒಂದು ಕೈಯಲ್ಲಿ ಹೆಲ್ಮೆಟ್, ಇನ್ನೊಂದರಲ್ಲಿ ಮುಚ್ಚಳ ಹಿಡಿದ ಐಟಿಯವರು ಫುಟ್‌ಪಾತಿನ ಮೇಲೆ ಸಾಲು ನಿಲ್ಲತೊಡಗಿದರು.

"ನಿನ್ನ ಫೋನು ಜನಾನ ಕರ್ಕಂಬತ್ತದೆ. ಅಳ್ತೆ ನೋಡಕ್ಕೆ ನನ್ನ ಬೆರಳೇ ಬೇಕು" ಎಂದು ಜಯಮ್ಮನವರು ನಗುತ್ತಿದ್ದರು. ಅಂಗಡಿ ಹಾಗೆಯೇ ಕೆಲವು ವರ್ಷ ನಡೆಯಿತು.

ಅವರು ತೀರಿಕೊಂಡ ಹತ್ತು ದಿನಗಳ ಮೇಲೆ ಆ ರಸ್ತೆಗೆ ಹೋಗಿದ್ದೆ. ಮುಚ್ಚಿದ ಷಟರಿನ ಮುಂದೆ ಬಟ್ಟೆಚೀಲ ಹಿಡಿದ ಯುವತಿಯೊಬ್ಬಳು ಫೋನು ನೋಡುತ್ತಾ ನಿಂತಿದ್ದಳು.

"ಇದ್ರಲ್ಲಿ ಓಪನ್ ಅಂತ ತೋರಿಸ್ತಿದೆಯಲ್ಲ ಸಾರ್?"

ಅದು ನಾನು ಮಾಡಿದ ಪುಟ. ಅದನ್ನು ಮುಚ್ಚಲು ನನಗೆ ಕೈ ಬಂದಿರಲಿಲ್ಲ. ವಿಷಯ ತಿಳಿಸಿದೆ. ಅವಳು ಚೀಲದೊಳಗಿನ ಮುಚ್ಚಳವನ್ನೊಮ್ಮೆ ನೋಡಿ, "ಹಾಗಾದ್ರೆ ಬೇರೆ ಕಡೆಯಿಂದ ತರಿಸ್ಕೋತೀನಿ. ಐದು ಲೀಟರ್ ಅಂತ ಹಾಕಿದ್ರೆ ಸಾಕಲ್ವಾ?" ಎಂದಳು.

"ಸಾಕಾಗಲ್ಲ ಮೇಡಂ" ಎಂದು ಕೈ ಚಾಚಿದೆ. "ಎಲ್ಲಿ, ಮುಚ್ಚಳ ಕೊಡಿ ನೋಡೋಣ."